ಗಾಳಿಕೋವಿ ಮತ್ತು ಬಿಸಿಲಿನ ಪಾಲು

ರಾಮನಗುಳಿಯ ಅಡಕೆ ತೋಟದಲ್ಲಿ ಬೆಳಗಿನ ಏಳು ಗಂಟೆಗೆ ಇರುವ ಗಾಳಿಕೋವಿ ಒಂದು, ಮಧ್ಯಾಹ್ನದ ಎರಡು ಗಂಟೆಗೆ ಇರುವುದು ಇನ್ನೊಂದು ಎಂದರೆ ಕೇಳಿದವರಿಗೆ ಒಗಟಿನಂತೆ ತೋರಬಹುದು. ಹಿಡಿಯುವ ಕೈ ಅದೇ, ನಳಿಗೆ ಅದೇ, ಡಬ್ಬಿಯೊಳಗಿನ ಸೀಸದ ಗುಂಡೂ ಅದೇ. ಆದರೂ ಬೆಳಗ್ಗೆ ಕಾಗದದ ಚುಕ್ಕೆಗೆ ಸರಿಯಾಗಿ ತಾಗಿದ ಗುಂಡು ಮಧ್ಯಾಹ್ನ ಅದರ ನೆತ್ತಿಯ ಮೇಲೆ ಹೋಗಿ ಕುಳಿತಿರುತ್ತದೆ. "ಬಿಸಿಲಿಗೆ ಕೋವಿ ಎತ್ತುತ್ತದೆ" ಎಂದು ತೋಟದವರು ಹೇಳುವುದುಂಟು. ಈ ಮಾತಿನಲ್ಲಿ ಸತ್ಯ ಎಷ್ಟಿದೆ, ಕೈಯ ದೋಷವನ್ನು ಸೂರ್ಯನ ತಲೆಗೆ ಕಟ್ಟುವ ಜಾಣತನ ಎಷ್ಟಿದೆ ಎಂಬುದನ್ನು ವಿಚಾರಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಕನ್ನಡದ ಮೇಷ್ಟರಿಗೆ ಕೋವಿಯ ಉಸಾಬರಿ ಏಕೆಂದು ಕೆಲವರು ಹುಬ್ಬೇರಿಸಿಯಾರು. ನಾನು ಬೇಟೆಗಾರನೂ ಅಲ್ಲ, ಪಂದ್ಯದ ಗುರಿಕಾರನೂ ಅಲ್ಲ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಕಾವ್ಯಗಳ ಯುದ್ಧವರ್ಣನೆಗಳನ್ನು ಪಾಠ ಹೇಳಿದವನಿಗೆ ಗುರಿ ತಪ್ಪುವ ಸಂಗತಿ ತೀರ ಅಪರಿಚಿತವೇನಲ್ಲ. ನಮ್ಮ ಕಾವ್ಯಗಳಲ್ಲಿ ಬಾಣ ತಪ್ಪಿದರೆ ಅದಕ್ಕೆ ವಿಧಿ ಕಾರಣ, ಶಾಪ ಕಾರಣ, ಒಮ್ಮೊಮ್ಮೆ ಎದುರಾಳಿಯ ಸಾರಥಿಯೂ ಕಾರಣ. ಆ ದಿನದ ಹವೆ ಕಾರಣವೆಂದು ಹೇಳಿದ ಕವಿಯೊಬ್ಬನೂ ನನಗೆ ನೆನಪಾಗುವುದಿಲ್ಲ. ಹಾಗಾಗಿ ಈ ಪ್ರಶ್ನೆ ಎದುರಾದಾಗ ಕಾವ್ಯದ ಕಪಾಟನ್ನು ಮುಚ್ಚಿ ಭೌತಶಾಸ್ತ್ರದ ಕಡೆಗೇ ತಿರುಗಬೇಕಾಯಿತು.

ಊರಿನ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಹೊರಟ ಹೆದ್ದಾರಿ ಅರಬೈಲು ಘಟ್ಟವನ್ನು ಏರುವುದಕ್ಕೆ ಮುಂಚೆ ಗಂಗಾವಳಿಯ ಕಣಿವೆಯಲ್ಲಿ ಹಾಯುತ್ತದೆ. ಮೇಲಿನವರು ಬೇಡ್ತಿ ಎಂದು ಕರೆಯುವ ಹೊಳೆಯೇ ಇಲ್ಲಿ ಗಂಗಾವಳಿ. ರಾಮನಗುಳಿ ಈ ಕಣಿವೆಯ ಊರು. ಕಡಲು ದೂರವೇನಲ್ಲ, ಆದರೆ ಕಡಲಗಾಳಿ ಕಾರವಾರದಲ್ಲಿ ಮಾಡುವಷ್ಟು ಉಪಕಾರವನ್ನು ಇಲ್ಲಿ ಮಾಡುವುದಿಲ್ಲ. ಸುತ್ತ ಬೆಟ್ಟ, ನಡುವೆ ತೋಟ. ಚಳಿಗಾಲದ ಮುಂಜಾನೆ ಹೊಳೆಯ ಮೇಲಿನ ಮಂಜು ತೋಟದೊಳಗೆ ನುಗ್ಗಿ ಅಡಕೆಯ ಸೋಗೆಗಳಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಅದೇ ದಿನದ ಮಧ್ಯಾಹ್ನ ಅಂಗಳದಲ್ಲಿ ಬರಿಗಾಲಿಡುವುದು ಕಷ್ಟ. ಒಂದೇ ದಿನದಲ್ಲಿ ಹದಿನೈದು ಹದಿನಾರು ಡಿಗ್ರಿಗಳ ಅಂತರವನ್ನು ಕೋವಿ ಅನುಭವಿಸುವುದಕ್ಕೆ ಇಂಥ ಕಣಿವೆ ತಕ್ಕ ಸ್ಥಳ. ಲೆಕ್ಕಕ್ಕೆ ಅನುಕೂಲವಾಗಲೆಂದು ಬೆಳಗಿನದು 18 ಡಿಗ್ರಿ, ಮಧ್ಯಾಹ್ನದ್ದು 34 ಡಿಗ್ರಿ ಸೆಲ್ಸಿಯಸ್ ಎಂದು ಇಟ್ಟುಕೊಳ್ಳೋಣ.

ಮದ್ದಿನ ಬದಲು ಗಾಳಿಯ ಒತ್ತಡದಿಂದ ಗುಂಡನ್ನು ನೂಕುವ ಆಯುಧವೇ ಗಾಳಿಕೋವಿ. ಇದು ಮಕ್ಕಳ ಆಟಿಕೆಯಾಗಿ ಹುಟ್ಟಿದ್ದೆಂದು ತಿಳಿಯಬಾರದು. ಜಿರಾರ್ಡೋನಿ ಎಂಬಾತ ರಚಿಸಿದ ಗಾಳಿಕೋವಿಯನ್ನು ಆಸ್ಟ್ರಿಯದ ಸೈನ್ಯ 1780ರ ಸುಮಾರಿಗೆ ಬಳಕೆಗೆ ತಂದಿತ್ತು. ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು 1803ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಮ್ಮೊಂದಿಗೆ ಒಂದು ಗಾಳಿಕೋವಿಯನ್ನು ಒಯ್ದು, ದಾರಿಯಲ್ಲಿ ಕಂಡ ಜನರ ಮುಂದೆ ಹಾರಿಸಿ ಬೆರಗುಗೊಳಿಸುತ್ತಿದ್ದರು. ನಮ್ಮ ದೇಶದಲ್ಲಿ ನಾಲ್ಕೂವರೆ ಮಿಲಿಮೀಟರಿನ ನಳಿಗೆಯದಾಗಿ, ಗುಂಡಿನ ಶಕ್ತಿ 20 ಜೂಲ್ ಮೀರದಿದ್ದರೆ ಅದಕ್ಕೆ ಪರವಾನಗಿಯ ಅಗತ್ಯವಿಲ್ಲ. ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 200 ಮೀಟರು ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್. ಅಂಕಿ ಚಿಕ್ಕದು. ಆದರೆ ಚರ್ಮವನ್ನು ಭೇದಿಸಿ ಒಳಹೊಗಲು, ಕಣ್ಣೊಂದನ್ನು ಶಾಶ್ವತವಾಗಿ ಕಳೆಯಲು ಅಷ್ಟು ಸಾಕು.

ಆ ಪ್ರಶ್ನೆ ನನಗೆ ಎದುರಾದ ಬಗೆಯನ್ನು ಈಗ ಹೇಳಬೇಕು. ಒಂದು ಮೇ ತಿಂಗಳ ಕೊನೆ. ಮಳೆ ಹಿಡಿಯುವ ಮುಂಚೆ ಅಡಕೆಯ ಕೊನೆಗಳಿಗೆ ಕೊಟ್ಟೆ ಕಟ್ಟಿ ಮುಗಿಸುವ ಗಡಿಬಿಡಿ. ಪಕ್ಕದ ತೋಟಕ್ಕೆ ಮಂಗಗಳ ಹಿಂಡು ಇಳಿದಿತ್ತು. ಎಳೆಯ ಅಡಕೆಯನ್ನು ಕಿತ್ತು, ಚೀಪಿ, ನೆಲದ ಮೇಲೆ ಉಗಿಯುವ ಮಂಗಗಳನ್ನು ಕಂಡವರಿಗೆ ತೋಟದವರ ಸಿಟ್ಟು ಅರ್ಥವಾಗುತ್ತದೆ. ಆ ಮನೆಯ ತರುಣ ಗಾಳಿಕೋವಿ ತಂದು ಕೊನೆಯ ಮೇಲೆ ಕುಳಿತ ಮಂಗನ ಪಕ್ಕಕ್ಕೆ, ಅವನ ಮಾತಿನಲ್ಲಿ ಹೇಳುವುದಾದರೆ ಬರೇ ಹೆದರಿಸಲಿಕ್ಕೆ, ಹೊಡೆದ. ಮಂಗ ಹಾರಿಹೋಯಿತು. ಆದರೆ ಆಚೆಯ ಮರದಲ್ಲಿ ಕೊಟ್ಟೆ ಕಟ್ಟುತ್ತಿದ್ದ ಕೊನೆಗೌಡನ ಹೆಗಲಿಗೆ ಗುಂಡು ನಾಟಿತು. ಪುಣ್ಯಕ್ಕೆ ಅವನು ಮರವನ್ನು ಬಿಡಲಿಲ್ಲ. ಸಂಜೆ ಜಗುಲಿಯ ಮೇಲೆ ಹಿರಿಯರು ಸೇರಿದಾಗ ತರುಣ ಹೇಳಿದ್ದು ಇಷ್ಟೇ: "ಬೆಳಗ್ಗೆ ನೋಡಿದ್ದೆ, ಗುರಿ ಸರಿಯಿತ್ತು. ಬಿಸಿಲಿಗೆ ಎತ್ತಿಬಿಟ್ಟಿತು." ಆಗ ಮೂಲೆಯಲ್ಲಿ ಕವಳ ಹಾಕುತ್ತ ಕುಳಿತಿದ್ದ ವೃದ್ಧರೊಬ್ಬರು ತಲೆಯೆತ್ತದೆ ಕೇಳಿದರು: "ಎತ್ತಿತು ಅನ್ನು. ಎಷ್ಟು ಎತ್ತಿತು? ಬೆರಳೋ, ಗೇಣೋ, ಮಾರೋ?"

ಜಗುಲಿಯಲ್ಲಿ ಉತ್ತರ ಯಾರ ಬಳಿಯೂ ಇರಲಿಲ್ಲ. ಆದರೆ ಪ್ರಶ್ನೆ ಅಳತೆಯ ಪ್ರಶ್ನೆ, ಅಳೆದು ಹೇಳಬಹುದಾದದ್ದು.

ಮೊದಲು ಕಬ್ಬಿಣವನ್ನೂ ಸೀಸವನ್ನೂ ಆರೋಪದಿಂದ ಬಿಡುಗಡೆ ಮಾಡೋಣ. ಬಿಸಿಯಾದರೆ ಲೋಹ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಕಲಿತವರೆಲ್ಲ ನಳಿಗೆ ಹಿಗ್ಗಿ ಗುಂಡು ಸಡಿಲವಾಗುತ್ತದೆ ಎಂದೇ ಊಹಿಸುತ್ತಾರೆ. ಹದಿನಾರು ಡಿಗ್ರಿ ಬಿಸಿಯೇರಿದರೆ ನಾಲ್ಕೂವರೆ ಮಿಲಿಮೀಟರಿನ ಉಕ್ಕಿನ ರಂಧ್ರ ಹಿಗ್ಗುವುದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಸೀಸದ ಗುಂಡು ಹಿಗ್ಗುವುದು ಸಾವಿರದಲ್ಲಿ ಎರಡು ಪಾಲಿನಷ್ಟು. ಎಂದರೆ ಗುಂಡು ಸಡಿಲವಾಗುವ ಬದಲು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಳತೆಯಲ್ಲಿ ಬಿಗಿಯೇ ಆಗುತ್ತದೆ. ಒಂದೇ ಡಬ್ಬಿಯ ಎರಡು ಗುಂಡುಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಬಿಸಿಲು ಕೋವಿಯನ್ನು ಹೊಗುವುದು ಲೋಹದ ಮೂಲಕ ಅಲ್ಲ, ಅದರ ಉಸಿರಿನ ಮೂಲಕ. ಒಂದೊಂದು ಜಾತಿಯ ಕೋವಿಗೆ ಒಂದೊಂದು ಬಗೆಯ ಉಸಿರಾದ್ದರಿಂದ ಬಿಸಿಲು ಮಾಡುವ ಕೆಲಸವೂ ಬೇರೆಬೇರೆ.

ನಮ್ಮ ತೋಟಗಳಲ್ಲಿ ಹೆಚ್ಚಾಗಿ ಕಾಣುವುದು ನಳಿಗೆಯನ್ನು ಮಡಚಿ ಸ್ಪ್ರಿಂಗನ್ನು ಬಿಗಿಯುವ ಹಳೆಯ ಮಾದರಿ. ಅದರಲ್ಲಿ ಗಾಳಿಯನ್ನು ಮೊದಲೇ ತುಂಬಿಟ್ಟಿರುವುದಿಲ್ಲ. ಕುದುರೆಯನ್ನು ಎಳೆದಾಗ ಸ್ಪ್ರಿಂಗು ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ, ಪಿಸ್ಟನ್ನು ಕೊಠಡಿಯ ಗಾಳಿಯನ್ನು ಕಣ್ಣೆವೆ ಇಕ್ಕುವುದರೊಳಗೆ ಹಿಂಡುತ್ತದೆ. ಹಾಗೆ ಹಿಂಡಿಸಿಕೊಂಡ ಗಾಳಿ ಆ ಕ್ಷಣದಲ್ಲಿ ನೂರಾರು ಡಿಗ್ರಿ ಕಾಯುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಅಷ್ಟು ಕಾವಿನ ಮುಂದೆ ಹೊರಗಿನ ಹದಿನಾರು ಡಿಗ್ರಿ ದೊಡ್ಡದಲ್ಲ. ಸ್ಪ್ರಿಂಗಿನ ಬಿಗುವೂ ಇಷ್ಟು ಬಿಸಿಲಿಗೆ ಎಣಿಕೆಗೆ ಬರುವಷ್ಟು ಸಡಿಲುವುದಿಲ್ಲ. ಹಾಗಾದರೆ ಬದಲಾಗುವುದು ಏನು? ಎಣ್ಣೆ ಮತ್ತು ಗ್ರೀಸು. ಚಳಿಯ ಮುಂಜಾನೆ ಗ್ರೀಸು ಬೆಣ್ಣೆಯಂತೆ ಗಟ್ಟಿಯಾಗಿ ಪಿಸ್ಟನ್ನಿನ ಕಾಲು ಹಿಡಿಯುತ್ತದೆ, ಮೊದಲ ನಾಲ್ಕಾರು ಗುಂಡುಗಳು ನಿಧಾನವಾಗಿ ಹೊರಟು ಕೆಳಗೆ ಬೀಳುತ್ತವೆ. ನಾಲ್ಕಾರು ಬಾರಿ ಹಾರಿಸಿದ ಮೇಲೆ ಕೋವಿ ತನ್ನ ಸ್ಥಿತಿಗೆ ಬರುತ್ತದೆ. ಬೆಳಗಿನ ಮೊದಲ ಎರಡು ಗುಂಡುಗಳನ್ನು ನೋಡಿಯೇ ಗುರಿಯ ಕಣ್ಣನ್ನು ತಿರುಪಿ ಸರಿಮಾಡಿದವನು ಮಧ್ಯಾಹ್ನಕ್ಕೆ ಆಗಲೇ ಒಂದು ತಪ್ಪನ್ನು ಕಟ್ಟಿಟ್ಟಿರುತ್ತಾನೆ.

ಮಧ್ಯಾಹ್ನದ ಕಥೆ ಇನ್ನೂ ಸೋಜಿಗದ್ದು. ಬಿಸಿಗೆ ತೆಳ್ಳಗಾದ ಎಣ್ಣೆ ಪಿಸ್ಟನ್ನಿನ ಅಂಚನ್ನು ದಾಟಿ ಮುಂದಿನ ಕೊಠಡಿಗೆ ಜಿನುಗುತ್ತದೆ. ಹಿಂಡಿದ ಗಾಳಿಯ ಕಾವಿಗೆ ಅದು ಹೊತ್ತಿಕೊಳ್ಳುತ್ತದೆ. ಡೀಸೆಲ್ ಯಂತ್ರದೊಳಗೆ ನಡೆಯುವುದೂ ಇದೇ, ಆದ್ದರಿಂದ ಬಲ್ಲವರು ಇದನ್ನು ಡೀಸೆಲಾಗುವುದು ಎಂದೇ ಕರೆಯುತ್ತಾರೆ. ಗಾಳಿಕೋವಿ ಹೆಸರಿಗಷ್ಟೇ ಗಾಳಿಯದಾಗಿ ಆ ಒಂದು ಗಳಿಗೆಗೆ ಮದ್ದಿನ ಕೋವಿಯೇ ಆಗುತ್ತದೆ. ಸದ್ದು ಜೋರು, ನಳಿಗೆಯ ಬಾಯಲ್ಲಿ ನೀಲಿ ಹೊಗೆ, ಗುಂಡು ಎಂದಿಗಿಂತ ರಭಸವಾಗಿ ಮೇಲೆ. ಜಾಸ್ತಿ ಎಣ್ಣೆ ಬಿಟ್ಟರೆ ಕೋವಿ ಚೆನ್ನಾಗಿರುತ್ತದೆಂದು ನಂಬುವ ಮನೆಗಳಲ್ಲಿ ಇದು ಪದೇಪದೇ ಆಗುತ್ತದೆ. ಕೆಲವರಂತೂ ಈ ಸದ್ದನ್ನೇ ಕೋವಿಯ ಶಕ್ತಿಯೆಂದು ಮೆಚ್ಚಿ ಇನ್ನಷ್ಟು ಎಣ್ಣೆ ಬಿಡುತ್ತಾರೆ. ಸ್ಪ್ರಿಂಗೂ ಮುದ್ರೆಯೂ ಬೇಗ ಹಾಳಾಗುತ್ತವೆ ಎಂಬುದು ಒಂದು ನಷ್ಟ. ಮುಂದಿನ ಗುಂಡು ಹೀಗೆಯೇ ಹೋಗುತ್ತದೆಂಬ ಭರವಸೆ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ನಷ್ಟ.

ಇನ್ನು ಪಿಸ್ಟನ್ನಿಗೆ ತೊಗಲಿನ ಮುದ್ರೆ ಇರುವ ಹಳೆಯ ಕೋವಿಗಳಲ್ಲಿ ಇದರ ತದ್ವಿರುದ್ಧ ನಡೆಯಬಹುದು. ಬೇಸಗೆಯ ಬಿಸಿಗೆ ತೊಗಲು ಒಣಗಿ ಕುಗ್ಗಿದರೆ ಗಾಳಿ ಪಕ್ಕದಿಂದ ಸೋರಿ, ಗುಂಡು ಮಂದವಾಗಿ ಕೆಳಗೆ ಬೀಳುತ್ತದೆ. ಆದುದರಿಂದ "ಬಿಸಿಲಿಗೆ ಕೋವಿ ಎತ್ತುತ್ತದೆ" ಎಂಬುದು ಎಲ್ಲ ಕೋವಿಗಳಿಗೂ ಸಲ್ಲುವ ಸೂತ್ರವಲ್ಲ. ಒಂದು ಮನೆಯ ಕೋವಿಯನ್ನು ಬಿಸಿಲು ಎತ್ತಿದರೆ ಪಕ್ಕದ ಮನೆಯದನ್ನು ಇಳಿಸಬಹುದು. ಎರಡು ಮನೆಯವರೂ ತಮ್ಮ ಅನುಭವವೇ ಸತ್ಯವೆಂದು ವಾದಿಸಿದರೆ ಇಬ್ಬರೂ ಗೆಲ್ಲುತ್ತಾರೆ.

ಈಚಿನ ಕೋವಿಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ನೈಟ್ರೋಜನ್ ಅನಿಲವನ್ನು ಬಂಧಿಸಿಟ್ಟ ಕೊಳವೆಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಇಲ್ಲಿ ಲೆಕ್ಕ ಸರಳ. ಮುಚ್ಚಿದ ಪಾತ್ರೆಯಲ್ಲಿ ಅನಿಲದ ಒತ್ತಡ ಅದರ ನಿರಪೇಕ್ಷ ಉಷ್ಣತೆಯೊಡನೆ ಏರುತ್ತದೆ. ನಿರಪೇಕ್ಷ ಎಂದರೆ ನೀರು ಹೆಪ್ಪುಗಟ್ಟುವ ಬಿಂದುವಿಗಿಂತ 273 ಡಿಗ್ರಿ ಕೆಳಗಿನಿಂದ ಎಣಿಕೆ ಪ್ರಾರಂಭಿಸುವುದು. ಹಾಗೆ ಎಣಿಸಿದರೆ ನಮ್ಮ 18 ಡಿಗ್ರಿ 291 ಆಗುತ್ತದೆ, 34 ಡಿಗ್ರಿ 307 ಆಗುತ್ತದೆ. ಒತ್ತಡ ನೂರಕ್ಕೆ ಐದೂವರೆ ಪಾಲು ಏರಿತು. ಶಕ್ತಿ ವೇಗದ ವರ್ಗದೊಂದಿಗೆ ಹೋಗುವುದರಿಂದ ವೇಗ ಏರುವುದು ಅದರ ಅರ್ಧ, ನೂರಕ್ಕೆ ಎರಡೂವರೆ ಮೂರು ಪಾಲು. ಪಂದ್ಯದವರು ಬಳಸುವ, ಸಣ್ಣ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿಯನ್ನು ತುಂಬಿಟ್ಟ ಕೋವಿಗೂ ಇದೇ ನಿಯಮ. ಆದರೆ ಅದರಲ್ಲಿ ಒತ್ತಡವನ್ನು ಒಂದೇ ಸಮನೆ ಅಳೆದು ಕೊಡುವ ನಿಯಂತ್ರಕ ಇರುವುದರಿಂದ ಬಿಸಿಲಿನ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ಬೇಗಬೇಗ ಗಾಳಿ ತುಂಬಿದಾಗ ಸಿಲಿಂಡರು ಕಾದು ಮುಳ್ಳು ಮೇಲೆ ನಿಂತು, ತಣಿದ ಮೇಲೆ ತಾನಾಗಿ ಇಳಿಯುವುದನ್ನು ಕಂಡು, ಎಲ್ಲೋ ಸೋರುತ್ತಿದೆ ಎಂದು ರಿಪೇರಿಗೆ ಓಡುವವರು ಈ ನಿಯಮವನ್ನು ನೆನೆದರೆ ಬಸ್ಸಿನ ಖರ್ಚು ಉಳಿದೀತು.

ಬಿಸಿಲಿಗೆ ಅತ್ಯಂತ ಸುಲಭವಾಗಿ ವಶವಾಗುವ ಜಾತಿ ಇನ್ನೊಂದಿದೆ. ಅದು ಇಂಗಾಲಾಮ್ಲ ವಾಯುವಿನ ಪುಟ್ಟ ಗುಂಡಾಲಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಕೋವಿ. ಗುಂಡಾಲಿಯೊಳಗೆ ಇಂಗಾಲಾಮ್ಲ ದ್ರವರೂಪದಲ್ಲಿ ಇರುತ್ತದೆ, ಅದರ ಮೇಲೆ ಆವಿ. ಆವಿಯ ಒತ್ತಡ ಎಷ್ಟು ಎಂಬುದನ್ನು ನಿರ್ಧರಿಸುವುದು ಉಷ್ಣತೆಯೊಂದೇ. 10 ಡಿಗ್ರಿಯಲ್ಲಿ ಸುಮಾರು 45 ಬಾರ್, 20ರಲ್ಲಿ 57, 30ರಲ್ಲಿ 72. ಎಂದರೆ 10ರಿಂದ 30 ಡಿಗ್ರಿಗೆ ಏರಿದಾಗ ಬರಿಯ ಗಾಳಿಯ ಒತ್ತಡ ನೂರಕ್ಕೆ ಏಳು ಪಾಲು ಏರಿದರೆ ಇದರದು ಅರುವತ್ತು ಪಾಲು ಏರುತ್ತದೆ. ಬೇಗಬೇಗ ಹಾರಿಸಿದರೆ ಇನ್ನೊಂದು ತೊಂದರೆ. ದ್ರವ ಆವಿಯಾಗುವಾಗ ತನ್ನ ಮೈಯ ಕಾವನ್ನೇ ಕಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಬಗೆಯೇ ಇದು. ಹತ್ತು ಗುಂಡುಗಳನ್ನು ಒಂದೇ ಉಸಿರಿಗೆ ಹಾರಿಸಿದರೆ ಹತ್ತನೆಯದು ಮೊದಲನೆಯದಕ್ಕಿಂತ ಎದ್ದುಕಾಣುವಂತೆ ಸೊರಗಿರುತ್ತದೆ, ಆ ಬಿರುಬಿಸಿಲಿನಲ್ಲಿಯೂ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನ ಥಾಮಸ್ ಆಂಡ್ರೂಸ್ ಎಂಬ ವಿಜ್ಞಾನಿ ಇಂಗಾಲಾಮ್ಲವನ್ನು ಗಾಜಿನ ನಳಿಗೆಯಲ್ಲಿ ಹಿಂಡಿ ಹಿಂಡಿ ನೋಡಿ, 1869ರಲ್ಲಿ ಒಂದು ಸಂಗತಿಯನ್ನು ಲೋಕಕ್ಕೆ ತಿಳಿಸಿದ. ಸುಮಾರು 31 ಡಿಗ್ರಿಯ ಮೇಲೆ ಎಷ್ಟು ಹಿಂಡಿದರೂ ಅದು ದ್ರವವಾಗುವುದಿಲ್ಲ. ದ್ರವವೂ ಅಲ್ಲದ, ಆವಿಯೂ ಅಲ್ಲದ ಒಂದು ನಡುಸ್ಥಿತಿ ಅಲ್ಲಿಂದ ತೊಡಗುತ್ತದೆ. ಇದನ್ನು ಆ ವಸ್ತುವಿನ ಕ್ರಾಂತಿಕ ಉಷ್ಣತೆ ಎನ್ನುತ್ತಾರೆ. ಬೆಲ್‌ಫಾಸ್ಟಿನ ಹವೆಯಲ್ಲಿ 31 ಡಿಗ್ರಿಯನ್ನು ತಲುಪಲು ಆಂಡ್ರೂಸನು ನೀರು ಕಾಯಿಸಬೇಕಾಗಿತ್ತು. ನಮ್ಮ ಕಣಿವೆಯಲ್ಲಿ ಗುಂಡಾಲಿಯನ್ನು ಮಾರ್ಚಿಯ ಮಧ್ಯಾಹ್ನ ಜಗುಲಿಯ ಮೇಲೆ ಇಟ್ಟರೆ ಸಾಕು. ಆ ಗಡಿಯನ್ನು ದಾಟಿದ ಮೇಲೆ ತುಂಬಿದ ಗುಂಡಾಲಿಯೊಳಗಿನ ಒತ್ತಡ ಕಡಿದಾಗಿ ಏರುತ್ತದೆ. ಕೋವಿಯ ಕವಾಟವನ್ನು ಒತ್ತಡವೇ ಅದುಮಿ ಹಿಡಿದು, ಸುತ್ತಿಗೆ ಬಡಿದರೂ ಅದು ತೆರೆಯದೆ ಗುಂಡು ಹಾರದಿರುವುದೂ ಉಂಟು. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಇಂಥ ಗುಂಡಾಲಿಗಳನ್ನು ಬಿಟ್ಟು ಹೋಗುವುದು ಅಪಾಯ. 50 ಡಿಗ್ರಿಯನ್ನು ಮೀರಬಾರದೆಂದು ಅವುಗಳ ಮೇಲೆ ಎಚ್ಚರಿಕೆ ಬರೆದಿರುವುದು ಸುಮ್ಮನಲ್ಲ. 1980ರ, 90ರ ದಶಕಗಳಲ್ಲಿ ಪಂದ್ಯದ ಕೋವಿಗಳಲ್ಲಿಯೂ ಇಂಗಾಲಾಮ್ಲ ಬಳಕೆಯಲ್ಲಿತ್ತು. ಬಳಿಕ ಒತ್ತಿದ ಗಾಳಿ ಅದರ ಸ್ಥಾನವನ್ನು ಆಕ್ರಮಿಸಿದುದಕ್ಕೆ ಉಷ್ಣತೆಯ ಈ ಚಾಂಚಲ್ಯವೂ ಒಂದು ಕಾರಣ.

ನಳಿಗೆಯಿಂದ ಹೊರಬಿದ್ದ ಮೇಲೆ ಗುಂಡು ಹೊರಗಿನ ಗಾಳಿಯನ್ನು ಸೀಳಿಕೊಂಡು ಹೋಗಬೇಕಷ್ಟೆ. ಬಿಸಿಗಾಳಿ ತೆಳು. 18ರಿಂದ 34 ಡಿಗ್ರಿಗೆ ಏರಿದಾಗ ಗಾಳಿಯ ಸಾಂದ್ರತೆ ನೂರಕ್ಕೆ ಐದು ಪಾಲು ಇಳಿಯುತ್ತದೆ, ತಡೆಯೂ ಅಷ್ಟು ಇಳಿಯುತ್ತದೆ. ಅರಬೈಲು ಘಟ್ಟವನ್ನು ಹತ್ತಿ ಯಲ್ಲಾಪುರಕ್ಕೆ ಹೋದವರಿಗೂ ಎತ್ತರದ ಕಾರಣದಿಂದ ಹೆಚ್ಚು ಕಡಿಮೆ ಇಷ್ಟೇ ತೆಳುಗಾಳಿ ದೊರೆಯುತ್ತದೆ, ಬೆವರಿಲ್ಲದೆ. ಮಳೆಗಾಲದ ಗಾಳಿ ಭಾರ ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ, ನಿಜ ಬೇರೆ. ನೀರಾವಿಯ ಅಣು ಗಾಳಿಯ ಅಣುಗಳಿಗಿಂತ ಹಗುರ. ಅದೇ ಉಷ್ಣತೆಯಲ್ಲಿ ಒದ್ದೆಗಾಳಿ ಒಣಗಾಳಿಗಿಂತ ನೂರಕ್ಕೆ ಒಂದೂವರೆ ಪಾಲಿನಷ್ಟು ಹಗುರವೇ. ಭಾರವಾಗುವುದು ಗಾಳಿಯಲ್ಲ, ನಮ್ಮ ಮೈ. ಮತ್ತು ಕೋವಿಯ ಮರದ ಹಿಡಿ. ತೇವ ಕುಡಿದ ಮರ ಉಬ್ಬಿ ತಿರುಪುಗಳ ಬಿಗಿತವನ್ನು ಬದಲಿಸುತ್ತದೆ, ಮಳೆಗಾಲದಲ್ಲಿ ಗುರಿ ಅಲುಗುವುದಕ್ಕೆ ಬಿಸಿಲಿಗಿಂತ ಇದು ದೊಡ್ಡ ಕಾರಣ. ಬೇಸಗೆಯಲ್ಲಾದರೋ ಕಾದ ಅಂಗಳದಾಚೆಗೆ ನೋಡುವಾಗ ಗುರಿಯೇ ತೇಲಾಡಿದಂತೆ ಕಾಣುತ್ತದೆ. ಹಳಗನ್ನಡದ ಕವಿಗಳು ಬಿಸಿಲ್ಗುದುರೆ ಎಂದು ಕರೆದುದರ ತಮ್ಮನೇ ಇದು. ದೂರಕ್ಕೆ ಹೊಡೆಯುವವರನ್ನು ಈ ಕುದುರೆ ಕಾಡುತ್ತದೆ. ತೋಟದ ನೆರಳಿನಲ್ಲಿ ಅದರ ಓಟ ಅಷ್ಟಿಲ್ಲ.

ಇಷ್ಟೆಲ್ಲ ಸೇರಿ ಗುಂಡು ಎಷ್ಟು ಸರಿಯುತ್ತದೆ? ಅತಿ ಸೂಕ್ಷ್ಮವಾದ ಅಳತೆಯ ಲೋಕದಿಂದ ಪ್ರಾರಂಭಿಸೋಣ. ಗಾಳಿಕೋವಿಯ 10 ಮೀಟರಿನ ಸ್ಪರ್ಧೆ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಆ ಗುರಿಫಲಕದ ನಟ್ಟನಡುವಿನ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರು, ಸಾಸಿವೆ ಕಾಳಿಗಿಂತಲೂ ಸಣ್ಣದು. ಪಂದ್ಯದ ಗುಂಡು ಸೆಕೆಂಡಿಗೆ ಸುಮಾರು 170 ಮೀಟರು ವೇಗದಲ್ಲಿ ಹೊರಟು, 10 ಮೀಟರು ಹೋಗುವಷ್ಟರಲ್ಲಿ 17 ಮಿಲಿಮೀಟರು ಕೆಳಗಿಳಿಯುತ್ತದೆ. ವೇಗ 165 ಆದರೆ 18 ಮಿಲಿಮೀಟರು. ಎಂದರೆ ನೂರಕ್ಕೆ ಮೂರು ಪಾಲು ವೇಗದ ವ್ಯತ್ಯಾಸಕ್ಕೆ ಒಂದು ಮಿಲಿಮೀಟರು. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನವನ್ನು ತಂದಾಗ ಅವರ ಅಂಕ 700.5, ಎರಡನೆಯವರದು 699.7. ಅಂತರ 0.8. ಅಂತಿಮ ಸುತ್ತಿನ ಲೆಕ್ಕದಲ್ಲಿ ದಶಾಂಶದ ಒಂದು ಅಂಕವೆಂದರೆ ಕಾಲು ಮಿಲಿಮೀಟರು. ಅಂಥಲ್ಲಿ ಒಂದೇ ಗುಂಡು ಒಂದು ಮಿಲಿಮೀಟರು ಸರಿದರೆ ಆ ಅಂತರದ ಅರ್ಧ ಹೋಯಿತು. ಈ ಪಂದ್ಯಗಳು ಒಳಾಂಗಣದಲ್ಲಿ ನಡೆಯುವುದೂ, ಗುರಿಕಾರರು ಒಂದೇ ಅಚ್ಚಿನ ಗುಂಡುಗಳನ್ನು ಆಯ್ದಿಟ್ಟುಕೊಳ್ಳುವುದೂ ಶೋಕಿಗಲ್ಲ.

ಆದರೆ ನಮ್ಮ ಕೊನೆಗೌಡನ ಹೆಗಲು ಮಿಲಿಮೀಟರಿನ ಲೋಕದ್ದಲ್ಲ. ಅಲ್ಲಿ ಗುರಿಯ ದೂರ ಸುಮಾರು 30 ಮೀಟರು ಇದ್ದಿರಬೇಕು. ಸೆಕೆಂಡಿಗೆ 200 ಮೀಟರು ವೇಗದಲ್ಲಿ ಹೊರಟ ಗುಂಡು ದಾರಿಯಲ್ಲಿ ಸೊರಗುತ್ತ ಅಷ್ಟು ದೂರ ಹೋಗುವಷ್ಟರಲ್ಲಿ ಸುಮಾರು 13 ಸೆಂಟಿಮೀಟರು ಬೀಳುತ್ತದೆ. ಬಿಸಿಲಿನಿಂದ ವೇಗ ನೂರಕ್ಕೆ ಮೂರು ಪಾಲು ಏರಿತೆನ್ನಿ. ಗುಂಡು ಏರುವುದು ಮುಕ್ಕಾಲು ಸೆಂಟಿಮೀಟರು, ಅರ್ಧ ಬೆರಳು ಕೂಡ ಇಲ್ಲ. ಎಣ್ಣೆ ಹೊತ್ತಿ ವೇಗ ನೂರಕ್ಕೆ ಹದಿನೈದು ಪಾಲು ಏರಿತೆಂದೇ ಒಪ್ಪಿಕೊಳ್ಳೋಣ, ಆಗಲೂ ಮೂರು ಸೆಂಟಿಮೀಟರು ಚಿಲ್ಲರೆ, ಎರಡು ಬೆರಳಗಲದೊಳಗೇ. ಇನ್ನೊಂದು ಸಂಗತಿಯನ್ನು ಯಾರೂ ಗಮನಿಸಿರಲಿಲ್ಲ. ಬೆಳಗ್ಗೆ ಗುರಿ ನೋಡಿದ್ದು ಅಂಗಳದ ಸಮನೆಲದಲ್ಲಿ, ಮಧ್ಯಾಹ್ನ ಹೊಡೆದದ್ದು ಮರದ ತುದಿಗೆ, ಓರೆಯಾಗಿ ಮೇಲಕ್ಕೆ. ಮೇಲ್ಮುಖವಾಗಿ ಹೊಡೆದಾಗ ಭೂಮಿಯ ಸೆಳೆತದ ಒಂದು ಪಾಲು ಮಾತ್ರ ಗುಂಡನ್ನು ಅದರ ಗೆರೆಯಿಂದ ಕೆಳಗೆ ಎಳೆಯುತ್ತದೆ. 45 ಡಿಗ್ರಿ ಓರೆಯಾದರೆ 13 ಸೆಂಟಿಮೀಟರು ಬೀಳಬೇಕಾದಲ್ಲಿ 9 ಬೀಳುತ್ತದೆ, ಎಂದರೆ ಗುಂಡು 4 ಸೆಂಟಿಮೀಟರು ಮೇಲೆ ಹೋಗುತ್ತದೆ. ಬಿಸಿಲು ಮಾಡಿದುದರ ಐದರಷ್ಟು! ತೋಟಗಳಲ್ಲಿ ಮಧ್ಯಾಹ್ನ ಕೋವಿ ಎತ್ತಿತೆಂಬ ದೂರುಗಳಲ್ಲಿ ಬಹುಪಾಲು ಮರದ ಎತ್ತರ ಮಾಡಿದ ಕೆಲಸವೇ ಎಂದು ನನಗೆ ಈಗ ಅನಿಸುತ್ತದೆ.

ಬಿಸಿಲು, ಎಣ್ಣೆ, ಓರೆ ಮೂರನ್ನೂ ಕೂಡಿಸಿದರೂ ಒಂದು ಗೇಣಿನ ಅರ್ಧವನ್ನು ತಲುಪುವುದಿಲ್ಲ. ಕೊನೆಗೌಡ ಇದ್ದುದು ಮಂಗನಿಂದ ಒಂದು ಮಾರಿಗೂ ಆಚೆ. ಉಳಿದ ದೂರಕ್ಕೆ ಉತ್ತರ ಅಡಕೆ ಮರದಲ್ಲಿಯೇ ಇದೆ. ಅದರ ಕಾಂಡ ದುಂಡು, ನುಣುಪು, ಹೊರಮೈ ಗಟ್ಟಿ. ಅಂಚಿಗೆ ಓರೆಯಾಗಿ ತಾಗಿದ ಸೀಸದ ಗುಂಡು ಒಳಹೊಗುವ ಬದಲು ಜಾರಿ ದಿಕ್ಕು ತಿರುಗಿಸುತ್ತದೆ. ಹಾಗೆ ತಿರುಗಿದ ಗುಂಡಿಗೆ ಯಾವ ಉಷ್ಣಮಾಪಕದ ಲೆಕ್ಕವೂ ಇಲ್ಲ. ಬೆರಳೋ ಗೇಣೋ ಮಾರೋ ಎಂದು ಕೇಳಿದ ಹಿರಿಯರಿಗೆ ಕೆಲವು ದಿನಗಳ ಮೇಲೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಓದಿ, "ಹಾಗಾದರೆ ಬಿಸಿಲಿನ ಪಾಲು ಅರ್ಧ ಬೆರಳು. ಉಳಿದದ್ದು ಆ ಮಾಣಿಯದು" ಎಂದು ಕಾಗದವನ್ನು ಮಡಚಿ ಕವಳದ ಬಟ್ಟಲಿನ ಕೆಳಗೆ ಇಟ್ಟರು. ಔಷಧದ ಖರ್ಚನ್ನೂ ಹದಿನೈದು ದಿನಗಳ ಕೂಲಿಯನ್ನೂ ಆ ಮನೆಯವರು ಕೊಟ್ಟರು.

ಮಂಗನ ಪಕ್ಕಕ್ಕೆ ಹೊಡೆದು ಹೆದರಿಸುವುದೆಂಬ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂಬ ಮಾತಿಗೆ ಕೊಲ್ಲುವುದೊಂದೇ ಅರ್ಥವಲ್ಲ, ಗಾಯಗೊಳಿಸುವುದೂ ಅದರೊಳಗೆ ಬರುತ್ತದೆ. ನಮ್ಮ ಮಂಗ ಮುಸಿಯಗಳು ಆ ರಕ್ಷಣೆಗೆ ಒಳಪಟ್ಟ ಪ್ರಾಣಿಗಳು. ತೋಟ ಹಾಳಾಗುತ್ತಿರುವವನ ಸಂಕಟ ಸುಳ್ಳಲ್ಲ, ಅದಕ್ಕೆ ಸರಿಯಾದ ಪರಿಹಾರ ಇನ್ನೂ ಸಿಕ್ಕಿಲ್ಲ ಎಂಬುದೂ ಸುಳ್ಳಲ್ಲ. ಆದರೂ ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿಯ ತಲೆ ಮೂರು ಬೆರಳಗಲ. ಎರಡು ಬೆರಳು ಆಚೀಚೆ ಆಗುವ ಆಯುಧದಿಂದ ನಾಲ್ಕು ಬೆರಳು ಪಕ್ಕಕ್ಕೆ ಹೊಡೆಯುತ್ತೇನೆ ಎನ್ನುವವನು ತನ್ನ ಕೈಯ ನಡುಕಕ್ಕೆ ಎಷ್ಟು ಬೆರಳು ಬಿಟ್ಟಿದ್ದಾನೆ? ಸದ್ದೇ ಬೇಕಾದರೆ ಡಬ್ಬಿ ಬಡಿಯಬಹುದು, ಪಟಾಕಿ ಹಚ್ಚಬಹುದು. ಅವುಗಳಿಗೆ ಮಂಗಗಳು ಬೇಗ ಒಗ್ಗಿಕೊಳ್ಳುತ್ತವೆ ಎಂಬ ಆಕ್ಷೇಪ ನನಗೆ ಗೊತ್ತು. ಗಾಳಿಕೋವಿಯ ಸದ್ದಿಗೂ ಒಗ್ಗಿಕೊಳ್ಳುತ್ತವೆ.

ಕೋವಿ ಮನೆಯಲ್ಲಿದೆ, ಕಾಗದದ ಗುರಿಗೆ ಹೊಡೆಯುವ ಹವ್ಯಾಸವಿದೆ ಎನ್ನುವವರು ಒಂದು ರಜೆಯ ದಿನವನ್ನು ಇದಕ್ಕೆ ಕೊಡಬಹುದು. ಹಿಂದೆ ಮರಳು ತುಂಬಿದ ಚೀಲಗಳ ಗೋಡೆ ಇರಲಿ. ಚಿರೆಕಲ್ಲಿನ ಗೋಡೆಯಾಗಲಿ ಹಲಸಿನ ಕಾಂಡವಾಗಲಿ ಬೇಡ, ಗುಂಡು ಮರಳಿ ಬರುತ್ತದೆ. ಅಕ್ಕಪಕ್ಕದವರಿಗೆ ತಿಳಿಸಿ, ಮಕ್ಕಳನ್ನು ಒಳಗೆ ಕಳಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕೂತುಕೊಳ್ಳಬೇಕು. ಕೋವಿಯನ್ನು ಅರ್ಧ ಗಂಟೆ ಹೊರಗಿನ ನೆರಳಿನಲ್ಲಿ ಇಟ್ಟರೆ ಅದು ಆ ಹೊತ್ತಿನ ಹವೆಗೆ ಹೊಂದಿಕೊಳ್ಳುತ್ತದೆ, ಬಿಸಿಲಿನಲ್ಲಿ ಮಲಗಿಸಿದರೆ ಮಾತ್ರ ಹವೆಗಿಂತ ಬಹಳ ಹೆಚ್ಚು ಕಾಯುತ್ತದೆ. ಬೆಳಗ್ಗೆ ಮೊದಲ ಐದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ, ಬಳಿಕದ ಹತ್ತನ್ನು ಒಂದು ಹಾಳೆಗೆ ಹೊಡೆಯಬೇಕು. ಮಧ್ಯಾಹ್ನ ಬೇರೊಂದು ಹಾಳೆಗೆ, ಸಂಜೆ ಮತ್ತೊಂದಕ್ಕೆ, ಅದೇ ದೂರದಿಂದ, ಗುರಿಯ ತಿರುಪನ್ನು ಮುಟ್ಟದೆ. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಕು, ಗಂಟೆ, ಉಷ್ಣಮಾಪಕ ತೋರಿದ ಅಂಕಿ, ಎಣ್ಣೆ ಬಿಟ್ಟು ಎಷ್ಟು ದಿನವಾಯಿತು ಎಂಬಿಷ್ಟನ್ನು ಬರೆದಿಡಬೇಕು. ಹತ್ತು ತೂತುಗಳ ನಡುಬಿಂದು ಎಷ್ಟು ಸರಿದಿದೆ ಎಂಬುದನ್ನು ಅಡ್ಡಪಟ್ಟಿಯಿಂದ ಅಳೆದರೆ ಆ ಕೋವಿಯ ಮಟ್ಟಿಗೆ ಉತ್ತರ ಸಿಕ್ಕಿತು. ಬೇರೆಯವರ ಕೋವಿಗೆ ಅದು ಸಲ್ಲದು. ಆಷಾಢದ ಮಳೆಯಲ್ಲಿ ಹಿಡಿಯ ಮರ ಉಬ್ಬಿದ ಮೇಲೆ ಅದೇ ಕೋವಿಗೆ ಹೊಸ ಹಾಳೆಗಳು ಬೇಕಾಗುತ್ತವೆ.